ಪರಿಧಿಯ ಶೇಷ

ಪೈ ಎಂದರೆ 22/7 ಎಂದು ನಮಗೆ ಬಾಲ್ಯದಲ್ಲಿ ಕಲಿಸಿದ ಉಪಾಧ್ಯಾಯರನ್ನು ಈಗ ದೂರುವುದು ಕೃತಘ್ನತೆಯಾದೀತು. ಬಾವಿಯ ಸುತ್ತಳತೆಗೂ ಬಂಡಿಯ ಗಾಲಿಗೂ ಅಷ್ಟು ಸಾಕು. ಆದರೆ 22ನ್ನು 7ರಿಂದ ಭಾಗಿಸುತ್ತ ಹೋದರೆ ಉಳಿಯಬಲ್ಲ ಶೇಷಗಳು 1ರಿಂದ 6ರವರೆಗಿನ ಆರೇ ಆದುದರಿಂದ, ಬಂದ ಶೇಷವೇ ಮರಳಿ ಬಂದು, 142857 ಎಂಬ ಅಂಕೆಗಳು ಗಾಣದ ಎತ್ತಿನಂತೆ ಸುತ್ತತೊಡಗುತ್ತವೆ. ಯಾವ ಭಿನ್ನರಾಶಿಯ ಗತಿಯೂ ಇದೇ: ಅದರ ದಶಮಾಂಶವು ಎಲ್ಲಿಯಾದರೂ ಮುಗಿಯಬೇಕು, ಇಲ್ಲವೆ ಆವರ್ತಿಸಬೇಕು. 3.14159 ಎಂದು ಮೊದಲಾಗುವ ಪೈ ಇವೆರಡನ್ನೂ ಮಾಡದು. ಆದುದರಿಂದಲೇ ಅದು ಅಭಾಗಲಬ್ಧ ಸಂಖ್ಯೆ.

ಮಾಡದೆಂಬುದು ನಮಗೆ ತಿಳಿದದ್ದಾದರೂ ಹೇಗೆ? ಕೋಟಿ ಅಂಕೆಗಳವರೆಗೆ ಆವೃತ್ತಿ ಕಾಣಲಿಲ್ಲವೆಂಬುದು ಸಾಧನೆಯಲ್ಲ. ಕೋಟಿಯ ಆಚೆ ಅದು ಮೊದಲಾಗಬಾರದೆಂದು ನಿಯಮವೇನೂ ಇಲ್ಲವಷ್ಟೆ. ಕಾಣದಿರುವುದು ಬೇರೆ, ಇರಲಾರದಿರುವುದು ಬೇರೆ.

ಕ್ರಿ. ಶ. 499ರಲ್ಲಿ, ಇಪ್ಪತ್ತಮೂರರ ತರುಣನಾಗಿದ್ದ ಆರ್ಯಭಟನು 20000 ವ್ಯಾಸದ ವೃತ್ತಕ್ಕೆ 62832 ಪರಿಧಿಯೆಂದು ಹೇಳಿ, ಅದನ್ನು ‘ಆಸನ್ನ’ವೆಂದು, ಎಂದರೆ ಸಮೀಪದ್ದೆಂದು ಕರೆದನು. ಸುಮಾರು ಒಂದು ಸಾವಿರ ವರ್ಷಗಳ ತರುವಾಯ, ಕೇರಳದ ನೀಲಕಂಠ ಸೋಮಯಾಜಿಯು ಆರ್ಯಭಟೀಯಕ್ಕೆ ಭಾಷ್ಯವನ್ನು ಬರೆಯುತ್ತ ಆ ಒಂದು ಪದದ ಮುಂದೆ ನಿಂತು, ವಾಸ್ತವವಾದ ಬೆಲೆಯನ್ನು ಬಿಟ್ಟು ಆಸನ್ನವನ್ನೇಕೆ ಹೇಳಿದನೆಂದು ಪ್ರಶ್ನಿಸಿದನು. ಯಾವ ಮಾನದಿಂದ ಅಳೆದರೆ ವ್ಯಾಸವು ನಿಶ್ಶೇಷವಾಗುವುದೋ ಅದೇ ಮಾನದಿಂದ ಅಳೆದಾಗ ಪರಿಧಿಯಲ್ಲಿ ಶೇಷ ಉಳಿಯುವುದು. ಪರಿಧಿಯನ್ನು ನಿಶ್ಶೇಷವಾಗಿಸುವ ಮಾನವು ವ್ಯಾಸದಲ್ಲಿ ಶೇಷವನ್ನುಳಿಸುವುದು. ಎಷ್ಟು ದೂರ ಸಾಗಿದರೂ ಶೇಷವು ಕಿರಿದಾದೀತೇ ಹೊರತು ಇಲ್ಲವಾಗದು ಎಂಬುದು ಅವನ ಉತ್ತರದ ಭಾವ. ಅಭಾಗಲಬ್ಧತೆಯನ್ನು ಇದಕ್ಕಿಂತ ನಿಚ್ಚಳವಾಗಿ ಹೇಳುವುದು ನನಗಂತೂ ಸಾಧ್ಯವಿಲ್ಲ. ಆದರೆ ಇದು ಉಕ್ತಿ. ಉಪಪತ್ತಿ ಇನ್ನೂ ಬರಬೇಕಾಗಿತ್ತು.

ಅದನ್ನು ಕೊಟ್ಟವನು ಮುಲ್‌ಹೌಸ್ ಪಟ್ಟಣದ ದರ್ಜಿಯೊಬ್ಬನ ಮಗನಾದ ಯೋಹಾನ್ ಹೈನ್ರಿಖ್ ಲ್ಯಾಂಬರ್ಟ್. 1760ರ ದಶಕದಲ್ಲಿ ಅವನು ಕೋನದ ಟ್ಯಾಂಜೆಂಟನ್ನು ಒಂದು ವಿಚಿತ್ರ ರೂಪಕ್ಕೆ ತಂದನು: ಭಿನ್ನರಾಶಿಯ ಛೇದದೊಳಗೊಂದು ಭಿನ್ನರಾಶಿ, ಅದರ ಛೇದದೊಳಗೆ ಮತ್ತೊಂದು, ಹೀಗೆ 1, 3, 5, 7 ಎಂಬ ಬೆಸಸಂಖ್ಯೆಗಳ ಮೆಟ್ಟಿಲುಗಳಲ್ಲಿ ಕೊನೆಯಿಲ್ಲದೆ ಇಳಿಯುವ ಸೋಪಾನ. ರೇಡಿಯನ್ನಿನಲ್ಲಿ ಅಳೆದ ಕೋನವು ಸೊನ್ನೆಯಲ್ಲದ ಭಾಗಲಬ್ಧ ಸಂಖ್ಯೆಯಾಗಿದ್ದು, ಈ ಸೋಪಾನದ ಬೆಲೆಯೂ ಭಾಗಲಬ್ಧವಾಗಿದ್ದ ಪಕ್ಷದಲ್ಲಿ, ಕೆಲವು ಮೆಟ್ಟಿಲುಗಳ ಬಳಿಕ ಎಡೆಬಿಡದೆ ಕಿರಿದಾಗುತ್ತಲೇ ಹೋಗುವ, ಆದರೆ ಎಂದಿಗೂ ಸೊನ್ನೆಯನ್ನು ಮುಟ್ಟದ ಪೂರ್ಣಾಂಕಗಳ ಅನಂತ ಪಂಕ್ತಿಯೊಂದು ಇರಬೇಕಾಗುತ್ತದೆ. ಪೂರ್ಣಾಂಕಗಳಿಗೆ ಅಂತಹ ಇಳಿಜಾರಿಲ್ಲ. ಆದುದರಿಂದ ಭಾಗಲಬ್ಧ ಕೋನದ ಟ್ಯಾಂಜೆಂಟ್ ಅಭಾಗಲಬ್ಧವೇ ಸರಿ. ಇನ್ನು 45 ಡಿಗ್ರಿಯ ಟ್ಯಾಂಜೆಂಟ್ 1 ಎಂಬುದನ್ನು ಹೈಸ್ಕೂಲಿನ ಹುಡುಗನೂ ಬಲ್ಲ, 1 ಭಾಗಲಬ್ಧ, ಹಾಗಾದರೆ ಆ ಕೋನ, ಎಂದರೆ ಪೈಯ ಕಾಲುಭಾಗ, ಭಾಗಲಬ್ಧವಾಗಿರಲಾರದು. ಕಾಲುಭಾಗಕ್ಕೆ ಒದಗಿದ ಗತಿಯೇ ಪೂರ್ಣಕ್ಕೂ.

1947ರಲ್ಲಿ ಐವನ್ ನಿವೆನ್ ಎಂಬ ಗಣಿತಜ್ಞನು ಒಂದೇ ಪುಟದಲ್ಲಿ ಈ ವ್ಯಾಜ್ಯವನ್ನು ಮತ್ತೊಮ್ಮೆ ತೀರಿಸಿದನು. ಪೈಯನ್ನು ಭಿನ್ನರಾಶಿಯೆಂದು ವಾದಕ್ಕಾಗಿ ಒಪ್ಪಿಕೊಂಡು, ಅವನು ಜಾಣ್ಮೆಯಿಂದ ಎಳೆದ ವಕ್ರರೇಖೆಯೊಂದರ ಕೆಳಗಿನ ಕ್ಷೇತ್ರಫಲವು, ಒಂದು ಲೆಕ್ಕದಂತೆ ಪೂರ್ಣಾಂಕವಾಗಿರಲೇಬೇಕು. ಇನ್ನೊಂದು ಲೆಕ್ಕದಂತೆ ಸೊನ್ನೆಗಿಂತ ಹಿರಿದಾಗಿ ಒಂದಕ್ಕಿಂತ ಕಿರಿದಾಗಿರಬೇಕು.