ಮುಪ್ಪಿನ ಆರೈಕೆಗೂ ಓದು ಬೇಕು

ವಯಸ್ಸಾದವರಲ್ಲಿ ಕಾಯಿಲೆ ತನ್ನ ಗುರುತನ್ನೇ ಬದಲಿಸಿಕೊಂಡು ಬರುತ್ತದೆ. ನ್ಯುಮೋನಿಯಾ ಇದ್ದರೂ ಜ್ವರ ಏರದಿರಬಹುದು. ಹೃದಯಾಘಾತವಾದರೂ ಎದೆನೋವು ಕಾಣದಿರಬಹುದು. ಸೋಂಕಿನ ಮೊದಲ ಸುಳಿವು ಮನಸ್ಸಿನ ಗೊಂದಲವೇ ಆಗಿರಬಹುದು. ಮೂತ್ರಪಿಂಡಗಳ ಶಕ್ತಿ ಕುಂದಿರುವುದರಿಂದ ಎಳೆಯರಿಗೆ ಒಗ್ಗುವ ಔಷಧದ ಪ್ರಮಾಣ ಇವರಿಗೆ ಅತಿಯಾಗಬಹುದು. ಹಗಲಿರುಳು ಹಾಸಿಗೆಯ ಬಳಿ ಇರುವ ನರ್ಸ್‌ಗಳ ಕಣ್ಣಿಗೇ ಇಂಥ ಬದಲಾವಣೆ ಮೊದಲು ಬೀಳಬೇಕು. ಅದಕ್ಕೆ ಕರುಣೆಯ ಜೊತೆಗೆ ವಿಶೇಷ ತಿಳಿವಳಿಕೆಯೂ ಬೇಕು.

ಈ ತಿಳಿವಳಿಕೆಯನ್ನು ಸಂಶೋಧನೆಯ ಹಾದಿಗೆ ತಂದವರಲ್ಲಿ ಬ್ರಿಟನ್ನಿನ ನರ್ಸ್ ಡೋರೀನ್ ನಾರ್ಟನ್ ಪ್ರಮುಖರು. ಹಾಸಿಗೆ ಹುಣ್ಣು ಬಾರದಿರಲೆಂದು ರೋಗಿಯ ಬೆನ್ನಿಗೆ ಸ್ಪಿರಿಟ್, ಮುಲಾಮು ತಿಕ್ಕುವುದು ಆಗಿನ ಆಸ್ಪತ್ರೆಗಳ ವಾಡಿಕೆ. ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನವು, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಒತ್ತಡ ತಗ್ಗಿಸುವುದೇ ಮುಖ್ಯ ಎಂದು ತೋರಿಸಿತು. ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಮೈ ಹೊರಳಿಸುವ ಶಕ್ತಿ, ಮಲಮೂತ್ರದ ಹಿಡಿತ ಎಂಬ ಐದು ಅಂಶಗಳಿಗೆ ಅಂಕ ಕೊಟ್ಟು, ಯಾರಿಗೆ ಅಪಾಯ ಹೆಚ್ಚೆಂದು ಮೊದಲೇ ಅಳೆಯುವ ಮಾಪಕವನ್ನೂ ಅವರು ರೂಪಿಸಿದರು. ಗರಿಷ್ಠ ಅಂಕ 20. ಅಂಕ ಇಳಿದಷ್ಟೂ ಅಪಾಯ ಹೆಚ್ಚು. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1987ರಲ್ಲಿ ಪ್ರಕಟಿಸಿದ ಮಾಪಕವು ಪೋಷಣೆ, ಚರ್ಮದ ತೇವ, ಉಜ್ಜುವಿಕೆಗಳನ್ನೂ ಲೆಕ್ಕಕ್ಕೆ ತಂದಿತು. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಇಂದು ಅದು ಬಳಕೆಯಲ್ಲಿದೆ.

ಆಸ್ಪತ್ರೆ ಸೇರಿದ ವೃದ್ಧರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬೀಳುವ ಸ್ಥಿತಿಗೆ ಡೆಲಿರಿಯಂ ಎನ್ನುತ್ತಾರೆ. ಮನೆಯವರು ಇದನ್ನು ಅರಳುಮರಳೆಂದುಕೊಂಡು ಸುಮ್ಮನಾಗುವುದುಂಟು. ವೈದ್ಯೆ ಶಾರನ್ ಇನೋಯೆ ಅವರ ನೇತೃತ್ವದಲ್ಲಿ ನರ್ಸ್‌ಗಳೂ ಸ್ವಯಂಸೇವಕರೂ ಸೇರಿದ್ದ ತಂಡವೊಂದು ಅಮೆರಿಕದಲ್ಲಿ 70 ದಾಟಿದ 852 ರೋಗಿಗಳ ಅಧ್ಯಯನ ನಡೆಸಿತು. ಕನ್ನಡಕ, ಶ್ರವಣಯಂತ್ರ ಕೈಗೆ ಸಿಗುವಂತೆ ಇಡುವುದು, ಸಾಕಷ್ಟು ನೀರು ಕುಡಿಸುವುದು, ನಡೆಸಾಡಿಸುವುದು, ರಾತ್ರಿಯ ನಿದ್ದೆ ಕೆಡದಂತೆ ನೋಡಿಕೊಳ್ಳುವುದು, ಊರು–ದಿನ ನೆನಪಿಸಿ ಮಾತಾಡಿಸುವುದು ಅವರ ಕ್ರಮಗಳು. ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇ. 15ರಷ್ಟು ಮಂದಿಗೆ ಡೆಲಿರಿಯಂ ಬಂದರೆ, ಈ ಕ್ರಮಗಳ ಗುಂಪಿನಲ್ಲಿ ಶೇ. 9.9ರಷ್ಟು ಮಂದಿಗೆ ಮಾತ್ರ ಬಂದಿತೆಂದು 1999ರ ವರದಿ ಹೇಳಿತು.

ಡಿಸ್ಚಾರ್ಜ್ ಆದ ಮೇಲಿನ ವಾರಗಳೂ ಅಷ್ಟೇ ಸೂಕ್ಷ್ಮ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ವಿದ್ವಾಂಸೆ ಮೇರಿ ನೇಯ್ಲರ್ ಇದನ್ನೇ ಅಧ್ಯಯನ ಮಾಡಿದರು. ಉನ್ನತ ತರಬೇತಿ ಪಡೆದ ನರ್ಸ್ ಆಸ್ಪತ್ರೆಯಲ್ಲೇ ರೋಗಿಯ ಪರಿಚಯ ಮಾಡಿಕೊಂಡು, ಮನೆಗೆ ಹೋದ ಮೇಲೂ ನಾಲ್ಕು ವಾರ ಭೇಟಿ, ಫೋನು ಮೂಲಕ ಜೊತೆಗಿರುತ್ತಿದ್ದರು. ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರ ಪ್ರಮಾಣ ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇ. 37.1 ಇದ್ದರೆ, ಇವರಲ್ಲಿ ಶೇ. 20.3 ಆಗಿತ್ತು.

ಇಂಥ ಫಲಿತಾಂಶ ವಾರ್ಡಿಗೆ ತಲುಪಬೇಕಾದರೆ ಕಲಿಸುವವರು ಬೇಕು. ಅಮೆರಿಕದ ನರ್ಸ್‌ಗಳ ಸಂಘ 1966ರಲ್ಲೇ ವೃದ್ಧರ ಶುಶ್ರೂಷೆಗೆ ಪ್ರತ್ಯೇಕ ವಿಭಾಗ ತೆರೆಯಿತು. ಜಾನ್ ಎ. ಹಾರ್ಟ್‌ಫರ್ಡ್ ಪ್ರತಿಷ್ಠಾನವು 1990ರ ದಶಕದಿಂದ ಆಸ್ಪತ್ರೆಗಳ ತರಬೇತಿಗೆ ನೆರವಾಯಿತು. 2000ದಿಂದ ಈ ವಿಷಯದಲ್ಲಿ ಪಿಎಚ್.ಡಿ. ಮಾಡುವ ನರ್ಸ್‌ಗಳಿಗೂ ಧನಸಹಾಯ ನೀಡಿತು. ಪ್ರತಿ ವಾರ್ಡಿನಲ್ಲೂ ಹೆಚ್ಚಿನ ತರಬೇತಿಯ ಒಬ್ಬ ನರ್ಸ್ ಇದ್ದು, ಸಹೋದ್ಯೋಗಿಗಳಿಗೆ ಅಲ್ಲೇ ಹೇಳಿಕೊಡುವ ಪದ್ಧತಿ ಆ ತರಬೇತಿಯ ಜೀವಾಳ.

ಭಾರತದಲ್ಲಿ 2011ರ ಜನಗಣತಿಯಂತೆ 60 ದಾಟಿದವರು 10 ಕೋಟಿಗೂ ಹೆಚ್ಚು. ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ 2010–11ರಲ್ಲಿ ಆರಂಭವಾಗಿ, ಜಿಲ್ಲಾಸ್ಪತ್ರೆಗಳಲ್ಲಿ ಹತ್ತು ಹಾಸಿಗೆಯ ವಾರ್ಡ್ ಮತ್ತು ಸಿಬ್ಬಂದಿ ತರಬೇತಿಗೆ ಅವಕಾಶ ಕಲ್ಪಿಸಿತು. ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲೂ ಈ ವಿಷಯವಿದೆ. ಆದರೆ ಇಲ್ಲಿನ ಆರೈಕೆಗೆ ಇಲ್ಲಿನ ಸಂಶೋಧನೆಯೂ ಬೇಕು. ಓದು ಬರಹ ಬಾರದ ಅಜ್ಜಿಗೆ ವಾಕ್ಯ ಬರೆಯಲು ಹೇಳುವ ನೆನಪಿನ ಪರೀಕ್ಷೆ ತಪ್ಪು ಫಲಿತಾಂಶ ಕೊಡುತ್ತದೆ. ಹರಿಯಾಣದ ಬಲ್ಲಭಗಢದಲ್ಲಿ ಅನಕ್ಷರಸ್ಥರಿಗೆಂದೇ ಹಿಂದಿಯಲ್ಲಿ ಪರೀಕ್ಷೆ ರೂಪಿಸಬೇಕಾಗಿ ಬಂದದ್ದು ಇದರಿಂದಲೇ. ಭಾರತದ ಬಹುಪಾಲು ವೃದ್ಧರನ್ನು ನೋಡಿಕೊಳ್ಳುವವರು ಮಗಳು, ಸೊಸೆ, ಮಡದಿ. ಮಗ್ಗುಲು ಬದಲಿಸುವುದನ್ನೂ ಮಾತ್ರೆಯ ಹೊತ್ತನ್ನೂ ಅವರಿಗೆ ಅವರ ಭಾಷೆಯಲ್ಲೇ ಕಲಿಸುವುದು ನರ್ಸಿಂಗ್ ಶಿಕ್ಷಣದ ಭಾಗವಾದಾಗ, ಸಂಶೋಧನೆಯ ಫಲ ಮನೆಯ ಹಿರಿಯರಿಗೂ ಸಿಗುತ್ತದೆ.