ಮಾಳಿಗೆಯ ಭಾರ ಇಳಿಸಬೇಕು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಗಣಪತಿಯನ್ನು ಕಳಿಸಿ, ದಣಿದು ಮಲಗಿದ್ದ ಜನ. ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜೀವ ಹೋದವು. ಸೊಲ್ಲಾಪುರದ ಈಚೆಗಿರುವ ಹಲಸಂಗಿ, ಇಂಡಿ ಸೀಮೆಯ ಹಿರಿಯರಿಗೆ ಭೂಕಂಪವೆಂದರೆ ಇಂದಿಗೂ ಕಿಲ್ಲಾರಿಯೇ.

ಅಷ್ಟು ದೊಡ್ಡ ಅನಾಹುತ ನಮ್ಮ ಕಡೆ ಆಗಿಲ್ಲ. ಆದರೆ 2021ರಿಂದೀಚೆಗೆ ವಿಜಯಪುರ, ಬಸವನಬಾಗೇವಾಡಿ ಕಡೆ ನೆಲ ಮೇಲಿಂದ ಮೇಲೆ ನಡುಗಿದೆ. 2022ರ ಜುಲೈ 9ರ ಬೆಳಗಿನ ಕಂಪನದ ತೀವ್ರತೆ 4ನ್ನು ದಾಟಿತ್ತು. ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರಿನಲ್ಲಿ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಊರನ್ನೇ ಬಿಟ್ಟವು. ಉಳಿದವರು ಬಯಲಲ್ಲಿ ಹಾಸಿಗೆ ಹಾಸಿದರು. ಮನೆ ಇದ್ದೂ ಹೊರಗೆ ಮಲಗುವ ಸಂಕಟ ಸಣ್ಣದಲ್ಲ. ಮಕ್ಕಳು, ಮುದುಕರು, ಬಾಣಂತಿಯರು ಎಷ್ಟು ರಾತ್ರಿ ಹಾಗೆ ಕಳೆದಾರು?

ಅವರು ಅಂಜುವುದು ತಮ್ಮದೇ ಮಾಳಿಗೆಗೆ. ಅಂಜಿಕೆಗೆ ಕಾರಣವೂ ಇದೆ. ನಮ್ಮ ಹಳೆಯ ಮನೆಗಳ ಗೋಡೆ ನೋಡಲು ಒಂದೇ ಆದರೂ ಒಳಗೆ ಎರಡು: ಹೊರಮೈಗೊಂದು ಕಲ್ಲಿನ ಸಾಲು, ಒಳಮೈಗೊಂದು, ನಡುವೆ ಮಣ್ಣು, ಚೂರುಕಲ್ಲು. ನೆಲ ಅಲುಗಿದಾಗ ಎರಡೂ ಮೈ ಬೇರೆಯಾಗಿ, ಉಬ್ಬಿ, ಕುಸಿಯುತ್ತವೆ. ಮೇಲೆ ತೊಲೆ, ಜಂತಿ. ಅದರ ಮೇಲೆ ಸೋರಬಾರದೆಂದು ಮಳೆಗಾಲಕ್ಕೆ ಮುಂಚೆ ಹಾಕುತ್ತ ಬಂದ ಮಣ್ಣು. ಅಜ್ಜನ ಕಾಲದಿಂದ ಕೂಡಿದ ಮಣ್ಣು ಒಂದೂವರೆ ಅಡಿಯಾಗಿದ್ದರೆ, ಹತ್ತಕ್ಕೆ ಹತ್ತರ ಕೋಣೆಯ ಮೇಲೆ ಆರು ಟನ್ನಿಗೂ ಮಿಕ್ಕಿದ ಭಾರ ಕೂತಿರುತ್ತದೆ. ಬೇಸಿಗೆಯಲ್ಲಿ ಆ ಮಣ್ಣೇ ತಂಪು. ಪತ್ರಾಸಿನ ಶೆಡ್ಡಿನಲ್ಲಿ ಏಪ್ರಿಲ್ ಕಳೆದವರಿಗೆ ಅದರ ಬೆಲೆ ಗೊತ್ತು. ಅದಕ್ಕೇ ಮಾಳಿಗೆ ಮನೆ ಕೆಡವಿಬಿಡಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ.

ಕೆಡವದೆ ಗಟ್ಟಿಮಾಡುವ ದಾರಿ ಕಿಲ್ಲಾರಿಯ ನಂತರ ಎಂಜಿನಿಯರುಗಳು ತೋರಿಸಿದ್ದಾರೆ. ಗೋಡೆಯ ಕಲ್ಲನ್ನು ಸುತ್ತಿಗೆಯಿಂದ ಬಡಿಯದೆ, ಹಾರೆಯಿಂದ ಮೆಲ್ಲಗೆ ಸಡಿಲಿಸಿ ತೆಗೆಯಬೇಕು. ಈ ಮೈಯಿಂದ ಆ ಮೈಗೆ ತೂತು ಬಿದ್ದ ಮೇಲೆ, ಎರಡೂ ತುದಿ ಕೊಕ್ಕೆಯಾಗಿ ಬಗ್ಗಿಸಿದ ಕಬ್ಬಿಣದ ಸಳಿ ಇಟ್ಟು ಕಾಂಕ್ರೀಟ್ ತುಂಬಬೇಕು. ಹೀಗೆ ಗೋಡೆಯುದ್ದಕ್ಕೂ ಅಲ್ಲಲ್ಲಿ ಮಾಡಿದರೆ ಎರಡು ಮೈ ಒಂದಾಗುತ್ತವೆ. ಕಂಬ ತೊಲೆ ಕೂಡುವಲ್ಲಿ ಓರೆ ಆಸರೆ ಕೊಡಬೇಕು, ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಬೇಕು. ಊರ ಗೌಂಡಿ ಕಲಿಯಬಹುದಾದ ಕೆಲಸವಿದು.

ಊರನ್ನೇ ಎಬ್ಬಿಸಿ ಬೇರೆಡೆ ಕಟ್ಟುವುದು ಕೊನೆಯ ಮಾತಾಗಲಿ. ಕಿಲ್ಲಾರಿ ಸುತ್ತ ಹಾಗೆ ಕಟ್ಟಿದ ಹೊಸ ಊರುಗಳಲ್ಲಿ ಅಗಲ ರಸ್ತೆ, ನೇರ ಸಾಲಿನ ಮನೆ ಬಂದವು. ಒಂದೇ ಓಣಿಯಲ್ಲಿ ಬಾಳಿದವರು ದೂರ ದೂರ ಸರಿದರು. ನಡುಕದ ರಾತ್ರಿ ಮುದುಕಿಯನ್ನು ಎತ್ತಿ ಹೊರಗೆ ತರುವುದು ಪಕ್ಕದ ಮನೆಯ ಹುಡುಗರೇ.

ಮಳೆಗೆ ಮುಂಚೆ ಮಾಳಿಗೆಗೆ ಹೇಗೂ ಕೈ ಹಚ್ಚುತ್ತೇವೆ. ಈ ಸಲ ಹಳೆ ಮಣ್ಣು ಇಳಿಸಿ ತೆಳ್ಳಗೆ ಹಾಕೋಣ. ಪಂಚಾಯಿತಿಗಳು ಗೌಂಡಿಗಳಿಗೆ ತರಬೇತಿ ಕೊಡಿಸಲಿ, ಬಡವರ ಮನೆಗಳಲ್ಲಿ ಆ ಕೂಲಿಯ ಒಂದು ಪಾಲನ್ನಾದರೂ ಹೊರಲಿ.