ಸೊನ್ನೆ ರೂಪಾಯಿ ಟಿಕೆಟ್ ಯಾಕ್ರೀ?

ಕಲಬುರಗಿಯ ಕೋಟನೂರದಾಗ ಸಿಟಿ ಬಸ್ ಹತ್ತಿದ ಅವ್ವ ಕೇಳ್ತಾಳ: "ಬಸ್ ಫ್ರೀ ಅಂದಮ್ಯಾಲ ಟಿಕೆಟ್ ಯಾಕ್ರೀ?"

2023ರ ಜೂನ್ 11ರಂದು ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತು. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕಂಡಕ್ಟರ್‌ಗಳ ಕೆಲಸವೇ ಬದಲಾಯಿತು. ಮಹಿಳೆಯರ ಗುರುತಿನ ಚೀಟಿ ನೋಡಬೇಕು, ರಾಜ್ಯದವರೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಶೂನ್ಯ ಟಿಕೆಟ್ ಕೊಡಬೇಕು. ಎಸಿ, ಐಷಾರಾಮಿ ಬಸ್ಸುಗಳಿಗೆ ಈ ಯೋಜನೆ ಅನ್ವಯಿಸದು.

"ಶೂನ್ಯ ಟಿಕೆಟ್ ಕಡ್ಡಾಯ" ಅಂತ ಸುತ್ತೋಲೆ ಅಂಟಿಸುವುದು ಸುಲಭ. ಕಾರಣ ಹೇಳಿದಾಗಲೇ ಅದು ಮನಸ್ಸಿಗೆ ಇಳಿಯುವುದು. ಕಾರಣ ಇಷ್ಟೇ: ಈ ಟಿಕೆಟ್‌ಗಳ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ಟಿಕೆಟ್ ಕೊಡದಿದ್ದರೆ ಆ ಪ್ರಯಾಣ ಲೆಕ್ಕಕ್ಕೇ ಬರುವುದಿಲ್ಲ. ಡೀಸೆಲ್ಲಿಗೂ ಸಂಬಳಕ್ಕೂ ಬರಬೇಕಾದ ದುಡ್ಡು ಅಲ್ಲೇ ಸೋರಿಹೋಗುತ್ತದೆ.

ಕಾರಣ ಗೊತ್ತಿರುವ ಕಂಡಕ್ಟರ್ ಅವ್ವನಿಗೂ ಹೇಳಬಲ್ಲರು: "ನಿಮ್ಮ ಟಿಕೆಟಿನ ರೊಕ್ಕ ಸರ್ಕಾರ ಕೊಡ್ತದರಿ. ಅದಕ್ಕ ಇದೇ ಲೆಕ್ಕ."

ಯಾವ ಸಂಸ್ಥೆಯಲ್ಲೇ ಆಗಲಿ, ಬದಲಾವಣೆಯ ಭಾರ ಮೊದಲು ಬೀಳುವುದು ಜನರೆದುರು ನಿಂತವರ ಮೇಲೆ. ಕಮಲಾಪುರದ ಬಸ್ಸಿನ ನೂಕುನುಗ್ಗಲಿನಲ್ಲಿ, ಗುರುತಿನ ಚೀಟಿ ಮರೆತು ಬಂದ ಮುದುಕಿಗೆ ಏನು ಹೇಳಬೇಕು? ಬಸ್ ಹೊರಡುವ ಮುಂಚೆ ಡಿಪೋದಲ್ಲೇ ಈ ಪ್ರಶ್ನೆಗೆ ಉತ್ತರ ಸಿಗಬೇಕು.